ಹುಚ್ಚಿನ ಸರ್ಟಿಫಿಕೇಟ್ ಅಲ್ಲ

ಊರಲ್ಲಿ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ 'ಧಾರವಾಡಕ್ಕೆ ಕಳಿಸಬೇಕು ನಿನ್ನ' ಅಂತ ಗೇಲಿ ಮಾಡುತ್ತಿದ್ದೆವು. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದರೆ ಅಲ್ಲಿ ಅದೇ ಗೇಲಿಗೆ ಚಿನ್ನ ವಾಲ್ತೇರು. ಸರ್ಕಾರಿ ಮಾನಸಿಕ ಆಸ್ಪತ್ರೆ ಇರುವ ಜಾಗ. ಭಾಷೆ ಬದಲಾಯಿತು, ಬುದ್ಧಿ ಬದಲಾಗಲಿಲ್ಲ. ಈ ಬುದ್ಧಿ ಎಷ್ಟು ದುಬಾರಿ ಅಂತ ತಿಳಿದದ್ದು ನಿವೃತ್ತನಾಗಿ ವಿಜಯವಾಡದಲ್ಲಿ ನೆಲೆಸಿದ ಮೇಲೆ.

ಕುಂದಾಪುರ ಕಡೆಯ ಹೋಟೆಲಿನವರೊಬ್ಬರು, ಬ್ಯಾಂಕಿನ ಹಳೇ ಗಿರಾಕಿ, ಒಂದು ಸಂಜೆ ಮನೆಗೆ ಬಂದರು. ದೊಡ್ಡ ಮಗಳು ಅಮೆರಿಕದಲ್ಲಿ. ಗಂಡನದು ಎಚ್-1ಬಿ, ಇವಳದು ಅವನ ಬಾಲಂಗೋಚಿ ಎಚ್-4. ಗಂಡ ಹೊಡೆಯುತ್ತಾನೆ. ಪಕ್ಕದ ಮನೆಯವರು ಪೊಲೀಸರನ್ನು ಕರೆಸಿದ್ದಾರೆ. ಯು ವೀಸಾಕ್ಕೆ ಅರ್ಜಿ ಹಾಕೋಣ, ಮನಶ್ಶಾಸ್ತ್ರಜ್ಞರ ಹತ್ತಿರ ಪರೀಕ್ಷೆ ಮಾಡಿಸಿ ವರದಿ ತನ್ನಿ ಎಂದಿದ್ದಾರೆ ವಕೀಲರು.

"ರಾಯರೇ, ಹುಡುಗಿಗೆ ಹುಚ್ಚು ಅಂತ ನಾವೇ ದುಡ್ಡು ಕೊಟ್ಟು ಬರೆಸುವುದಾ? ನಾಳೆ ತಂಗಿಗೆ ಸಂಬಂಧ ಬರ್ತದಾ?"

ನನಗೆ ಸಿಟ್ಟು ಬಂತು. ಅಳಿಯ ಹೊಡೆದದ್ದು ಮರ್ಯಾದೆಗೇಡಲ್ಲ, ಪೆಟ್ಟು ತಿಂದವಳ ನೋವನ್ನು ಬರೆದಿಟ್ಟರೆ ಮರ್ಯಾದೆಗೇಡು! ಇದು ಯಾವ ಲೆಕ್ಕ ಸ್ವಾಮಿ?

ಈ ವೀಸಾ ಹುಟ್ಟಿದ್ದು 2000ರ ಕಾನೂನಿನಿಂದ. ಅಪರಾಧಕ್ಕೆ ಬಲಿಯಾಗಿ ದೇಹಕ್ಕೋ ಮನಸ್ಸಿಗೋ ದೊಡ್ಡ ಪೆಟ್ಟಾಗಿದ್ದು, ತನಿಖೆಗೆ ನೆರವಾದವರಿಗೆ ಗಂಡನ ಹಂಗಿಲ್ಲದೆ ಅಲ್ಲಿ ಉಳಿಯುವ ದಾರಿ. ಇಲ್ಲದಿದ್ದರೆ ವಿಚ್ಛೇದನವಾದ ದಿನ ಎಚ್-4 ಹೋಯಿತು. ಮುರಿದ ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಮನಸ್ಸಿನದು ಕಾಣಬೇಕಾದರೆ ಬಲ್ಲವರೊಬ್ಬರು ಎದುರು ಕೂತು ಕೇಳಬೇಕು: ನಿದ್ದೆ ಬರುತ್ತದಾ, ಊಟ ಸೇರುತ್ತದಾ, ಯಾತಕ್ಕೆ ಬೆಚ್ಚುತ್ತೀ? ಬ್ಯಾಂಕಿನಲ್ಲಿ ಮನೆ ಸಾಲದ ಫೈಲಿಗೆ ವ್ಯಾಲ್ಯೂಯರ್ ರಿಪೋರ್ಟ್ ಇದ್ದಹಾಗೆ ಇದು. ರಿಪೋರ್ಟ್ ಬಂದ ಮಾತ್ರಕ್ಕೆ ಸಾಲ ಸಿಗುವುದಿಲ್ಲ. ಪುರಾವೆ, ಅಷ್ಟೆ.

ಸುಳ್ಳು ರಿಪೋರ್ಟೂ ಬರುತ್ತವಲ್ಲ ಎನ್ನುತ್ತೀರಿ. ಬರುತ್ತವೆ, ಸುಳ್ಳು ವ್ಯಾಲ್ಯೂಯರುಗಳನ್ನೂ ನಾನು ಬೇಕಾದಷ್ಟು ನೋಡಿದ್ದೇನೆ. ಇಲ್ಲೇ ಒಬ್ಬ ದಲ್ಲಾಳಿ ಹುಡುಗಿಯನ್ನು ಯಾರೂ ನೋಡುವುದೇ ಬೇಡ, ರೆಡಿಮೇಡ್ ಲೆಟರ್ ತರಿಸುತ್ತೇನೆ ಎಂದು ನಮ್ಮ ಹೋಟೆಲಿನವರಿಗೆ ಹೇಳಿದ್ದ. ಅವರಿಗೆ ಅದೇ ವಾಸಿ ಅನ್ನಿಸಿತ್ತು! ಮೋಸ ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ಜೀವಮಾನಕ್ಕೇ ಮುಚ್ಚಬಹುದು. ನಿಜ ಹೇಳಲು ನಾಚಿಕೆ, ಸುಳ್ಳು ಕೊಳ್ಳಲು ನಾಚಿಕೆಯಿಲ್ಲ.

ಕೊನೆಗೆ ಹುಡುಗಿ ಅಪ್ಪನಿಗೆ ಹೇಳದೆ, ಅಮ್ಮನನ್ನು ಒಪ್ಪಿಸಿ, ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋದಳು. ವರದಿಯನ್ನು ಹೋಟೆಲಿನ ಗಲ್ಲಾದ ಪಕ್ಕ ಕೂತು ನಾನೇ ಕನ್ನಡದಲ್ಲಿ ಓದಿ ಹೇಳಿದೆ. ಹುಚ್ಚು ಎಂಬ ಮಾತು ಎಲ್ಲೂ ಇರಲಿಲ್ಲ. ಬಾಗಿಲಲ್ಲಿ ಕೀಲಿಕೈ ತಿರುಗಿದ ಸದ್ದಾದರೆ ಕೈ ನಡುಗುತ್ತದೆ, ರಾತ್ರಿ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಮಲಗುತ್ತಾಳೆ ಎಂದಿತ್ತು.

"ನಮ್ಮ ಹತ್ರ ಒಂದು ಮಾತೂ ಹೇಳ್ಲಿಲ್ಲ" ಎಂದರು.

"ನೀವು ಕೇಳಿದಿರಾ?" ಎಂದೆ. ಉತ್ತರ ಬರಲಿಲ್ಲ.

ವರ್ಷಕ್ಕೆ ಕೊಡುವುದು 10,000 ಯು ವೀಸಾ ಮಾತ್ರ. ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕು. ಈ ನಡುವೆ ತಂಗಿಗೆ ಗಂಡು ನೋಡುತ್ತಿದ್ದಾರೆ. ಅಕ್ಕನ ವಿಷಯ ಅವರಿಗೆ ಹೇಳುವುದಾ ಬೇಡವಾ ಅಂತ ಮೊನ್ನೆ ಮತ್ತೆ ಕೇಳಿದರು. ಮೊದಲು ಹೇಳಿ, ಜಾತಕ ಆಮೇಲೆ ಕೊಡಿ ಎಂದಿದ್ದೇನೆ.