ಹೆಪ್ಪುಗಟ್ಟಲು ತಂಪೇ ಬೇಕೆ?

ಕಲಿಲ ಎಂದರೇನು ಎಂದು ಕೇಳಿದರೆ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ವ್ಯಾಖ್ಯೆಯನ್ನು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಅದು ಗಟ್ಟಿಯಾಗುವುದು ಬಿಸಿ ಮಾಡಿದರೋ, ತಣಿಸಿದರೋ ಎಂದು ಕೇಳಿ ನೋಡಿ. "ತಣಿಸಿದರೆ" ಎಂದೇ ಹೆಚ್ಚಿನವರ ಉತ್ತರ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ನೀರು ಮಂಜುಗಡ್ಡೆಯಾದರೂ, ಹಾಲು ಮೊಸರಾದರೂ, ಗಾಯದ ರಕ್ತ ನಿಂತರೂ ನಾವೆಲ್ಲ ಹೇಳುವುದು 'ಹೆಪ್ಪುಗಟ್ಟಿತು' ಎಂಬ ಒಂದೇ ಮಾತನ್ನು.

ಮಂಜುಗಡ್ಡೆಯಲ್ಲಿ ನೀರೇ ಹರಳಾಗುತ್ತದೆ. ಜೆಲ್‌ನಲ್ಲಿ ಹಾಗಲ್ಲ. ಅಲ್ಲಿ ನೀರು ನೀರಾಗಿಯೇ ಇರುತ್ತದೆ. ಅದರಲ್ಲಿ ಚದುರಿದ್ದ ಕಣಗಳು, ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿ ಬಲೆಯಾಗಿ ಆ ನೀರನ್ನು ಹಿಡಿದಿಡುತ್ತವೆ. ಬಲೆ ಹೆಣೆಯಲು ಬಿಸಿ ಬೇಕೋ ತಂಪು ಬೇಕೋ ಎಂಬುದು ವಸ್ತುವಿನ ಗುಣಕ್ಕೆ ಬಿಟ್ಟದ್ದು.

ಇದಕ್ಕೆ ಪ್ರಯೋಗಾಲಯವೇ ಬೇಕೆಂದಿಲ್ಲ, ಮನೆಯ ಅಡುಗೆಮನೆ ಸಾಕು. ರಾಗಿ ಮಣ್ಣಿಯನ್ನೇ ತೆಗೆದುಕೊಳ್ಳಿ. ರಾಗಿಹಾಲನ್ನು ಒಲೆಯ ಮೇಲಿಟ್ಟು ಕದಡುತ್ತಿದ್ದರೆ 70 ಡಿಗ್ರಿಯ ಆಸುಪಾಸಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಹಾಲು ಮಂದವಾಗುತ್ತದೆ. ತಟ್ಟೆಗೆ ಸುರಿದು ಆರಿಸಿದಾಗ ಪಿಷ್ಟದ ಎಳೆಗಳು ಹೆಣೆದುಕೊಂಡು, ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಇಲ್ಲಿ ಬಿಸಿಯೂ ಬೇಕು, ತಂಪೂ ಬೇಕು. ಮೊಟ್ಟೆಯ ಬಿಳಿಭಾಗ ಇದಕ್ಕೆ ವಿರುದ್ಧ. ಅದು 60 ಡಿಗ್ರಿ ದಾಟಿದ ಮೇಲೆ ಗಟ್ಟಿಯಾಗತೊಡಗುತ್ತದೆ, ತಣಿಸಿದರೂ ಮತ್ತೆ ನೀರಾಗುವುದಿಲ್ಲ. ಮೊಸರಿನದು ಇನ್ನೊಂದು ಬಗೆ. ಹಾಲಿನ ಪ್ರೋಟೀನು ಬಲೆ ಹೆಣೆಯುವುದು ಬ್ಯಾಕ್ಟೀರಿಯಾಗಳು ಮಾಡಿದ ಹುಳಿಯಿಂದ. ಅವುಗಳಿಗೆ ಬೇಕಾದದ್ದು ಉಗುರುಬೆಚ್ಚಗಿನ ಹದ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಅವು ಸಾಯುತ್ತವೆ, ಫ್ರಿಜ್ಜಿನಲ್ಲಿಟ್ಟರೆ ಕೆಲಸವನ್ನೇ ಮಾಡುವುದಿಲ್ಲ.

ಚೈನಾ ಗ್ರಾಸ್ ಎಂದು ಅಂಗಡಿಯಲ್ಲಿ ಸಿಗುವ ಅಗರ್ ಎಲ್ಲಕ್ಕಿಂತ ಸೋಜಿಗದ್ದು. ಕಡಲ ಪಾಚಿಯಿಂದ ತೆಗೆದ ಇದು ಕುದಿಯುವ ನೀರಿನಲ್ಲಿ ಕರಗಿ, 35-40 ಡಿಗ್ರಿಗೆ ಇಳಿದಾಗ ಗಟ್ಟಿಯಾಗುತ್ತದೆ. ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿಯವರೆಗೆ ಕಾಯಿಸಬೇಕು!

ಈ ಗುಣದಿಂದಲೇ ಸೂಕ್ಷ್ಮಜೀವಿ ವಿಜ್ಞಾನದ ದಾರಿ ಸುಗಮವಾಯಿತು. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜೆಲಾಟಿನ್ ಬಳಸುತ್ತಿದ್ದರು. ನಮ್ಮ ಮೈಯ ಬಿಸಿಯಾದ 37 ಡಿಗ್ರಿಗೆ ಅದು ಕರಗಿ ನೀರಾಗುತ್ತಿತ್ತು. ಅಲ್ಲಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ ಅಡುಗೆಯಲ್ಲಿ ಅಗರ್ ಬಳಸಿ ಬಲ್ಲವರು. ಅದನ್ನೇ ಹಾಕಿ ನೋಡಿ ಎಂದರು. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಅಗರ್ ತಟ್ಟೆ ಇದೆ. ಅಡುಗೆಮನೆಯ ಅರಿವು ವಿಜ್ಞಾನವಲ್ಲ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಕನ್ನಡದಲ್ಲಿ ವಿಜ್ಞಾನ ಕಲಿತರೆ ಮುಂದೆ ಕಷ್ಟ ಎಂದು ಹಲವು ಪಾಲಕರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಿದ್ದಾರೆ. ಅವರ ಚಿಂತೆಯನ್ನು ಹಗುರವಾಗಿ ಕಾಣುವಂತಿಲ್ಲ. ಕೊಲಾಯ್ಡ್, ಜೆಲ್ ಎಂಬ ಹೆಸರುಗಳನ್ನು ಮಕ್ಕಳಿಗೆ ಕಲಿಸಲೇಬೇಕು. ಆದರೆ ಅರ್ಥವಾಗದ ವ್ಯಾಖ್ಯೆ ಯಾವ ಭಾಷೆಯಲ್ಲಿದ್ದರೂ ಬಾಯಿಪಾಠವೇ. ಹೆಪ್ಪು, ಮಣ್ಣಿ, ಹದ ಎಂಬ ಮಾತುಗಳ ಜೊತೆಗೇ ಬೆಳೆದ ಮಗುವಿಗೆ ಕಲಿಲದ ಪಾಠದ ಅರ್ಧ ಮನೆಯಲ್ಲೇ ಆಗಿರುತ್ತದೆ. ಆ ಅರ್ಧವನ್ನು ಬಿಟ್ಟು ಪುಸ್ತಕದ ವ್ಯಾಖ್ಯೆಯಿಂದ ಪಾಠ ಶುರು ಮಾಡುವುದು ಕೈಯಲ್ಲಿರುವ ಬಂಡವಾಳವನ್ನು ಚೆಲ್ಲಿದಂತೆ.

ಸಹೋದ್ಯೋಗಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಕಲಿಲದ ಪಾಠ ಬಂದಾಗ ಒಂದು ಥರ್ಮಾಮೀಟರ್, ಒಂದು ಪೊಟ್ಟಣ ಚೈನಾ ಗ್ರಾಸ್, ಒಂದು ಲೋಟ ರಾಗಿಹಾಲು ತರಗತಿಗೆ ಬರಲಿ. ಕಾಯಿಸುವ ಕೆಲಸ ನಿಮ್ಮದು, ಡಿಗ್ರಿ ನೋಡಿ ಬರೆದುಕೊಳ್ಳುವ ಕೆಲಸ ಮಕ್ಕಳದು. ವ್ಯಾಖ್ಯೆ ಆಮೇಲೆ ಬರಲಿ. ಆಗ ಅದನ್ನು ಮಕ್ಕಳೇ ಹೇಳುತ್ತಾರೆ, ಅದೂ ಕನ್ನಡದಲ್ಲೇ. ಏನಂತೀರಿ?