ಮಧುಚಂದ್ರಕ್ಕೆ ಗೆಳೆಯರೂ ಬರಲಿ

“ಹನಿಮೂನಿಗೆ ಯಾರಾದ್ರೂ ಜಾತ್ರೆ ಕಟ್ಕೊಂಡು ಹೋಗ್ತಾರೇನೇ?”

ನಮ್ಮ ಯೋಜನೆ ಕೇಳಿದ ದೊಡ್ಡಮ್ಮ ಮೊದಲು ಆಡಿದ ಮಾತಿದು. ಅತ್ತೆ, “ಕಾರು ಓಡಿಸೋರು ಯಾರು?” ಎಂದಷ್ಟೇ ಕೇಳಿದರು. ಅಮ್ಮ ಏನೂ ಹೇಳಲಿಲ್ಲ. ಮದುವೆಯಾಗಿ ಏಳು ತಿಂಗಳಾದ ಮೇಲೆ, ಸೆಪ್ಟೆಂಬರಿನಲ್ಲಿ, ನಾವು ಐದು ಜನ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಒಂಬತ್ತು ದಿನ ಕಾರಿನಲ್ಲಿ ಸುತ್ತಿದೆವು. ನಾನು, ನನ್ನ ಗಂಡ, ನನ್ನ ಇಬ್ಬರು ಹಾಸ್ಟೆಲ್ ಗೆಳತಿಯರು ಮತ್ತು ಬೋರ್ಡೊ ನಗರದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ಅವನ ಬಾಲ್ಯದ ಗೆಳೆಯ.

ಊರಿಗೆ ಮರಳಿದ ಮೇಲೆ ಎಲ್ಲರೂ ಮುಸಿಮುಸಿ ನಗುತ್ತಾ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮಿಬ್ಬರಿಗೆ ಏಕಾಂತ ಸಿಕ್ತಾ?” ಸಿಕ್ಕಿತು. ಆದರೆ ನನ್ನ ಪ್ರಶ್ನೆ ಬೇರೆ. ಮದುವೆಯಾಯಿತು ಎಂಬ ಕಾರಣಕ್ಕೆ ಅಷ್ಟು ವರ್ಷದ ಗೆಳೆತನ ಹೊಸಿಲಾಚೆ ನಿಲ್ಲಬೇಕೇ? ನಮ್ಮಲ್ಲಿ ಮದುವೆಯ ನಂತರ ಗಂಡನ ಗೆಳೆಯರು ಮನೆಗೆ ಊಟಕ್ಕೆ ಬರುತ್ತಾರೆ. ಹೆಂಡತಿಯ ಗೆಳತಿಯರು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾರ್ಟ್ ಒತ್ತುವವರಾಗಿ ಉಳಿದುಬಿಡುತ್ತಾರೆ. ನನ್ನ ಅಮ್ಮನಿಗೆ ಕಾಲೇಜಿನಲ್ಲಿ ಐವರು ಜೀವದ ಗೆಳತಿಯರಿದ್ದರಂತೆ. ಅವರಲ್ಲಿ ಒಬ್ಬರನ್ನೂ ನಾನು ಕಂಡಿಲ್ಲ. ಹಳೆಯ ಗ್ರೂಪ್ ಫೋಟೊದಲ್ಲಿ ನೋಡಿದ್ದೇನೆ, ಅಷ್ಟೆ.

ಮೊದಲು ದುಡ್ಡಿನ ಮಾತು ಆಡಿಬಿಡೋಣ. ಇಬ್ಬರಿಗೆಂದು ವಿಚಾರಿಸಿದ ಪ್ಯಾಕೇಜುಗಳು ನಮ್ಮ ಕೈಗೆ ಎಟುಕುವಂತಿರಲಿಲ್ಲ. “ಸಾಲ ತಗೊಳ್ಳಿ, ಇಎಂಐ ಕಟ್ಟಿದರಾಯಿತು” ಎಂದವರೂ ಇದ್ದರು. ಹೊಸ ಸಂಸಾರವನ್ನು ಹಳೆಯ ಪ್ರವಾಸದ ಕಂತು ಕಟ್ಟುತ್ತಾ ಶುರು ಮಾಡಲು ನಮಗೆ ಮನಸ್ಸಾಗಲಿಲ್ಲ. ಗೆಳೆಯರು ಜೊತೆಯಾದಾಗ ಲೆಕ್ಕ ಬದಲಾಯಿತು. ಷೆಂಗೆನ್ ವೀಸಾ ಶುಲ್ಕ ತಲೆಗೆ 90 ಯೂರೊ. ಕನಿಷ್ಠ 30 ಸಾವಿರ ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇವೂ ವಿಮಾನದ ಟಿಕೆಟ್ಟೂ ಅವರವರ ಖರ್ಚು. ಆದರೆ ಕಾರಿನ ಬಾಡಿಗೆ, ಡೀಸೆಲ್, ಟೋಲ್ ಐದು ಪಾಲಾದವು. ಅಲ್ಲಿನ ಹಳ್ಳಿಗಳಲ್ಲಿ ‘ಝೀತ್’ ಎನ್ನುವ ಬಾಡಿಗೆ ಮನೆಗಳು ಸಿಗುತ್ತವೆ. ಅಡುಗೆಮನೆ, ಪಾತ್ರೆಪಗಡ ಎಲ್ಲ ಇರುತ್ತದೆ. ಅದೂ ಹಂಚಿಕೆಯಾಯಿತು. ಸಾರ್ಲಾ ಪಟ್ಟಣದಲ್ಲಿ ಬುಧವಾರ ಮತ್ತು ಶನಿವಾರ ಸಂತೆ. ಅಲ್ಲಿಂದ ತಂದ ತರಕಾರಿ, ಆ ಸೀಮೆಯ ಅಕ್ರೋಟು, ಮೇಕೆ ಹಾಲಿನ ಚೀಸ್ ಮತ್ತು ನಾವು ಒಯ್ದಿದ್ದ ಸಾರಿನ ಪುಡಿ ನಮ್ಮನ್ನು ಕಾಪಾಡಿದವು. ಬಾತುಕೋಳಿ ಅಡುಗೆಗೆ ಹೆಸರಾದ ಆ ನಾಡಿನಲ್ಲಿ ಸಸ್ಯಾಹಾರಿ ಗೆಳತಿಗೆ ಬೇರೆ ದಾರಿಯೂ ಇರಲಿಲ್ಲ.

ಬೋರ್ಡೊದಿಂದ ಹೊರಟು, ಸೇಂಟ್ ಎಮಿಲಿಯನ್‌ನ ದ್ರಾಕ್ಷಿ ತೋಟಗಳನ್ನು ಹಾದು, ದೊರ್ದೋನ್ ನದಿಯ ಗುಂಟ ಪೂರ್ವಕ್ಕೆ ಸಾಗುವುದು ನಮ್ಮ ದಾರಿ. ದ್ರಾಕ್ಷಿ ಕೊಯ್ಲಿನ ಕಾಲ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿದ್ದ ನನ್ನ ಗಂಡನೇ ಚಾಲಕ. ಸ್ಟೀರಿಂಗ್ ಎಡಕ್ಕೆ, ಗೇರು ಬಲಗೈಗೆ, ಓಡಾಟ ರಸ್ತೆಯ ಬಲಬದಿಯಲ್ಲಿ. ಇದರ ಜೊತೆಗೆ ಇನ್ನೊಂದು ನಿಯಮ: ಬೇರೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು. ಅದು ಚಿಕ್ಕ ರಸ್ತೆಯಾದರೂ ಸರಿ. ಎರಡನೆಯ ದಿನ ಒಂದು ಹಳ್ಳಿಯಲ್ಲಿ ಬಲಗಡೆಯ ಓಣಿಯಿಂದ ಟ್ರ್ಯಾಕ್ಟರ್ ಬಂತು. ನಮ್ಮದೇ ದೊಡ್ಡ ರಸ್ತೆ ಎಂದುಕೊಂಡು ಇವನು ಮುಂದೆ ನುಗ್ಗುತ್ತಿದ್ದ. ಹಿಂದಿನ ಸೀಟಿನಿಂದ ಗೆಳೆಯ “ನಿಲ್ಸೋ!” ಎಂದು ಕಿರುಚದಿದ್ದರೆ ಈ ಲೇಖನ ಬೇರೆ ಥರ ಇರುತ್ತಿತ್ತು. ಆಗ ನಾನು ಫೋಟೊ ತೆಗೆಯುತ್ತಿದ್ದೆ.

ನಮ್ಮ ಮೊದಲ ದೊಡ್ಡ ಜಗಳವೂ ಅದೇ ದಾರಿಯಲ್ಲಿ ಆಯಿತು. ಅಂದು ಭಾನುವಾರ. ಹಳ್ಳಿಯ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಗೆಲ್ಲ ಮುಗಿದುಹೋಗುತ್ತದೆ. ನಾವು ತಲುಪಿದ್ದು ಎರಡೂವರೆಗೆ. ಬೇಕರಿಯ ಬಾಗಿಲೂ ಹಾಕಿತ್ತು. ಬೆಳಿಗ್ಗೆ ತಡ ಮಾಡಿದ್ದು ಯಾರು ಎಂಬಲ್ಲಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಯಿತು. ನಾನು ಮಾತು ಬಿಟ್ಟೆ. ಇಬ್ಬರೇ ಇದ್ದಿದ್ದರೆ ಆ ಮೌನ ಎರಡು ದಿನ ಎಳೆಯುತ್ತಿತ್ತು. ಗೆಳತಿಯೊಬ್ಬಳು ಅವನನ್ನು ಪಕ್ಕಕ್ಕೆ ಕರೆದು, “ಇವಳಿಗೆ ಹಸಿವಾದರೆ ಹೀಗೇ. ಈಗ ವಾದ ಮಾಡಬೇಡಿ, ಬಿಸ್ಕತ್ತು ಕೊಡಿ” ಎಂದಳಂತೆ. ಇನ್ನೊಬ್ಬಳು ನನ್ನನ್ನು ಚರ್ಚಿನ ಹಿಂದಿನ ದಾರಿಯಲ್ಲಿ ನಡೆಸಿಕೊಂಡು ಹೋಗಿ, “ತಪ್ಪು ನಿಂದೂ ಇದೆ ಕಣೇ” ಎಂದಳು. ಇದನ್ನು ತವರಿನವರು ಹೇಳಿದ್ದರೆ ನಾನು ಅಳುತ್ತಿದ್ದೆ, ಅತ್ತೆ ಹೇಳಿದ್ದರೆ ಕೆರಳುತ್ತಿದ್ದೆ. ಅವಳು ಹೇಳಿದ್ದರಿಂದ ಕೇಳಿಸಿಕೊಂಡೆ.

ನಾನು ಹೆಂಡತಿಯಾಗುವ ಮೊದಲು ಯಾರಾಗಿದ್ದೆ ಎಂಬುದಕ್ಕೆ ಈ ಗೆಳತಿಯರೇ ಸಾಕ್ಷಿ. ಹೊಸದಾಗಿ ಮದುವೆಯಾದವನಿಗೆ ತನ್ನ ಹೆಂಡತಿಯನ್ನು ಅರಿಯಲು ಅವರಿಗಿಂತ ಒಳ್ಳೆಯ ದಾರಿ ಯಾವುದಿದೆ? ನಾನೂ ಅವನ ಬಗ್ಗೆ ಏಳು ತಿಂಗಳಲ್ಲಿ ತಿಳಿಯದ ಎಷ್ಟೋ ಸಂಗತಿಗಳನ್ನು ಅವನ ಗೆಳೆಯನಿಂದ ಆ ಒಂಬತ್ತು ದಿನಗಳಲ್ಲಿ ತಿಳಿದೆ.

ಸಾರ್ಲಾದಿಂದ ಉತ್ತರಕ್ಕಿರುವ ಮೊಂಟಿನ್ಯಾಕ್ ಬಳಿ ಲಾಸ್ಕೊ ಗುಹೆಯಿದೆ. 17 ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಗೂಳಿ, ಕುದುರೆ, ಜಿಂಕೆಗಳ ಚಿತ್ರಗಳು ಅದರ ಗೋಡೆಗಳ ಮೇಲಿವೆ. 1940ರ ಸೆಪ್ಟೆಂಬರ್ 12ರಂದು ಅದರೊಳಗೆ ಇಳಿದು ನೋಡಿದವರು ನಾಲ್ವರು ಹುಡುಗರು: ಮಾರ್ಸೆಲ್ ರವಿದಾ, ಜಾಕ್ ಮಾರ್ಸಲ್, ಜಾರ್ಜ್ ಆನ್ಯೆಲ್ ಮತ್ತು ಸಿಮೋನ್ ಕೋಯೆಂಕಾಸ್. ಕತ್ತಲೆಯ ಕಿರಿದಾದ ಬಿಲದಲ್ಲಿ ಇಳಿಯುವ ಧೈರ್ಯ ಒಬ್ಬೊಬ್ಬರಿಗೇ ಬರುವಂಥದ್ದಲ್ಲ. ಯುದ್ಧ ನಂತರ ಅವರನ್ನು ಚದುರಿಸಿತು. ಯಹೂದಿ ಮನೆತನದ ಕೋಯೆಂಕಾಸ್‌ನ ತಂದೆತಾಯಿ ನಾಜಿಗಳ ಕೈಯಲ್ಲಿ ಸತ್ತರು. ರವಿದಾ ಮತ್ತು ಮಾರ್ಸಲ್ ಮುಂದೆ ಅದೇ ಗುಹೆಯ ಮಾರ್ಗದರ್ಶಿಗಳಾದರು.

ಆದರೆ ಅದೇ ಗುಹೆಯನ್ನು 1963ರಲ್ಲಿ ಸಾರ್ವಜನಿಕರಿಗೆ ಮುಚ್ಚಬೇಕಾಯಿತು. ಬಂದುಹೋಗುವ ಜನರ ಉಸಿರಿನ ತೇವ ಮತ್ತು ಇಂಗಾಲದ ಡೈಆಕ್ಸೈಡ್‌ನಿಂದ ಚಿತ್ರಗಳು ಕೆಡತೊಡಗಿದ್ದವು. ಈಗ ಪ್ರವಾಸಿಗರು ನೋಡುವುದು ಪಕ್ಕದಲ್ಲೇ ಕಟ್ಟಿರುವ ಪ್ರತಿಕೃತಿಯನ್ನು. ಅದನ್ನು ನೋಡಿ ಹೊರಬಂದಾಗ ನನಗೆ ದೊಡ್ಡಮ್ಮನ ಮಾತಿನಲ್ಲೂ ಅರ್ಧ ಸತ್ಯ ಕಂಡಿತು. ಜಾತ್ರೆಯಾದರೆ ಮಧುಚಂದ್ರವೂ ಕೆಡುತ್ತದೆ, ನಿಜ. ಹಾಗೆಂದು ಯಾರೂ ಬೇಡ ಎನ್ನುವುದೂ ಸರಿಯಲ್ಲ. ಯಾರು, ಎಷ್ಟು ಜನ, ಎಷ್ಟು ಹೊತ್ತು ಎಂಬುದನ್ನು ಮೊದಲೇ ನಿರ್ಧರಿಸಬೇಕು.

ನಾವು ಹೊರಡುವ ಮುಂಚೆಯೇ ಕೆಲವು ಕಟ್ಟಳೆ ಮಾಡಿಕೊಂಡಿದ್ದೆವು. ನಮ್ಮಿಬ್ಬರ ಕೋಣೆ ಬೇರೆ. ಒಂಬತ್ತರಲ್ಲಿ ಎರಡು ದಿನ ಪೂರ್ತಿ ನಮ್ಮದೇ. ಬಂಡೆಗೆ ಅಂಟಿಕೊಂಡ ಯಾತ್ರಾಸ್ಥಳ ರೊಕಮದೂರ್‌ನ 216 ಮೆಟ್ಟಿಲುಗಳನ್ನು ನಾವಿಬ್ಬರೇ ಹತ್ತಿದೆವು. ಖರ್ಚನ್ನು ಪ್ರತಿ ರಾತ್ರಿ ಬರೆದಿಡುವುದು. ಗಂಡನ ಕಡೆಯವರಷ್ಟೇ ಅಲ್ಲ, ಹೆಂಡತಿಯ ಕಡೆಯವರೂ ಇರುವುದು. ಈ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಮಾತು ಆಡಲು ತನ್ನವರೂ ಒಬ್ಬರಿಲ್ಲದ ಗುಂಪಿನಲ್ಲಿ ಹೊಸ ಹೆಂಡತಿ ಅತಿಥಿಯಾಗಿಬಿಡುತ್ತಾಳೆ.

ಇದಕ್ಕೆ ಫ್ರಾನ್ಸಿಗೇ ಹೋಗಬೇಕೆಂದಿಲ್ಲ. ಕೆಲಸ ಹುಡುಕುತ್ತಿರುವವರು, ಈಗಷ್ಟೇ ಸಂಬಳ ಕಾಣುತ್ತಿರುವವರು ಸಕಲೇಶಪುರಕ್ಕೆ ಹೋದರೂ ಸಾಕು. ನಾಳೆ ನಿಮ್ಮ ಮದುವೆಯ ಮಾತುಕತೆ ನಡೆಯುವಾಗ ಛತ್ರ, ಊಟ, ಸೀರೆಗಳ ಜೊತೆಗೆ ಈ ಪ್ರಶ್ನೆಯನ್ನೂ ಕೇಳಿ: ‘ನನ್ನ ಗೆಳೆಯರಿಗೆ ಈ ಮನೆಯಲ್ಲಿ ಜಾಗವಿದೆಯೇ?’ ಹುಡುಗರೇ, ನಿಮ್ಮನ್ನು ಮದುವೆಯಾಗುವ ಹುಡುಗಿ ಅದನ್ನು ಕೇಳಲು ಹಿಂಜರಿದರೆ ನೀವೇ ಮೊದಲು ಕೇಳಿ.

ಪ್ರವಾಸದ ಫೋಟೊಗಳನ್ನೆಲ್ಲ ನೋಡಿ ಮುಗಿಸಿದ ಅಮ್ಮ ಮೊನ್ನೆ ಬೀರುವಿನಿಂದ ಆ ಹಳೆಯ ಗ್ರೂಪ್ ಫೋಟೊ ತೆಗೆದು ತಂದಳು. ಒಬ್ಬರ ಮೇಲೆ ಬೆರಳಿಟ್ಟು, “ಇವಳು ಫೇಸ್‌ಬುಕ್‌ನಲ್ಲಿ ಸಿಗ್ತಾಳಾ ನೋಡು” ಎಂದಳು. ಹುಡುಕುತ್ತಿದ್ದೇನೆ.