ಕಡ್ಡಾಯ ಸೇವೆಯನ್ನು ಯಾರ ಖಾತೆಗೆ ಬರೆಯೋಣ?

ಕಳೆದ ದಶಲಕ್ಷಣ ಪರ್ವದ ಸಭೆಯಲ್ಲಿ ಹಿರಿಯರೊಬ್ಬರು, “ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಎರಡು ವರ್ಷದ ರಾಷ್ಟ್ರಸೇವೆ ಕಡ್ಡಾಯವಾಗಬೇಕು” ಎಂದಾಗ ಸಭಾಂಗಣದ ತುಂಬ ಕರತಾಡನವಾಯಿತು. ಊಟದ ಪಂಕ್ತಿಯಲ್ಲಿ ಅದೇ ಹಿರಿಯರು ಮೊಮ್ಮಗನ ವಿದೇಶ ವ್ಯಾಸಂಗಕ್ಕೆ ಹಣ ಕಳುಹಿಸುವ ಬಗೆಯನ್ನು ನನ್ನಲ್ಲಿ ವಿಚಾರಿಸಿದರು. ಆ ಮೊಮ್ಮಗನಿಗೂ ಹದಿನೆಂಟು ತುಂಬಿದೆ.

ಇಂಥ ಸೇವೆಗೆ ಸಂವಿಧಾನದ ಅಡ್ಡಿಯಿಲ್ಲ. 23ನೆಯ ವಿಧಿಯು ಬಿಟ್ಟಿ ದುಡಿಮೆಯನ್ನು ನಿಷೇಧಿಸಿದರೂ, ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸಲು ಪ್ರಭುತ್ವಕ್ಕೆ ಅವಕಾಶವಿತ್ತಿದೆ. ಕೇವಲ ಧರ್ಮ, ಜನಾಂಗ, ಜಾತಿ, ವರ್ಗಗಳ ಆಧಾರದಿಂದ ಭೇದವೆಣಿಸಕೂಡದು, ಅಷ್ಟೆ. ನನ್ನ ಆಕ್ಷೇಪವಿರುವುದು ಲೆಕ್ಕದಲ್ಲಿ.

ಕಡ್ಡಾಯ ಸೇವೆಯೆಂದರೆ ಹಣಕ್ಕೆ ಬದಲಾಗಿ ಆಯುಷ್ಯದಲ್ಲಿ ವಸೂಲು ಮಾಡುವ ತೆರಿಗೆ. ಆದಾಯ ತೆರಿಗೆಯಲ್ಲಿ ಉಳ್ಳವನಿಗೆ ದರ ಹೆಚ್ಚು, ಇಲ್ಲದವನಿಗೆ ವಿನಾಯಿತಿ. ಇಲ್ಲಿಯಾದರೋ ಎಲ್ಲರಿಗೂ ಒಂದೇ ದರ. ನಮ್ಮ ಮಕ್ಕಳಿಗೆ ಆ ಎರಡು ವರ್ಷ ಪದವಿಯ ವಿಳಂಬ ಮಾತ್ರ; ನಮ್ಮ ಅಂಗಡಿಯಲ್ಲಿ ಮೂಟೆ ಹೊರುವವನ ಮಗನಿಗೆ ಅದು ಮನೆಯ ಒಲೆಯ ಪ್ರಶ್ನೆ. ಪೂರ್ಣ ವೇತನವಿಲ್ಲದ ಕಡ್ಡಾಯವು ಬಡವನಿಂದಲೇ ಹೆಚ್ಚು ಕಸಿಯುತ್ತದೆ.

ಈ ಹಾದಿಯನ್ನು ದೇಶ ಒಮ್ಮೆ ತುಳಿದಿದೆ. 1962ರ ಯುದ್ಧದ ಬಳಿಕ, 1963ರಲ್ಲಿ, ಕಾಲೇಜುಗಳಲ್ಲಿ ಎನ್‌ಸಿಸಿ ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಐಚ್ಛಿಕವಾಯಿತು.

ಹಾಗೆಂದು ನಾವು ಅಹಿಂಸೆಯ ಮರೆಯಲ್ಲಿ ಅಡಗುವುದೂ ಸಲ್ಲದು. ಶ್ರಾವಕನಿಗೆ ಸಂಕಲ್ಪೀ ಹಿಂಸೆ ವರ್ಜ್ಯ. ಆತ್ಮರಕ್ಷಣೆಯ ವಿರೋಧೀ ಹಿಂಸೆಯನ್ನು ಅವನು ಸಂಪೂರ್ಣ ತ್ಯಜಿಸಬೇಕೆಂಬ ನಿಯಮವಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕನಾಗಿದ್ದನು.

ನಮ್ಮ ಧರ್ಮ ಸೇವೆಯನ್ನು ವೈಯಾವೃತ್ಯವೆಂದು ಕರೆದು, ಆರು ಅಂತರಂಗ ತಪಸ್ಸುಗಳಲ್ಲಿ ಸೇರಿಸಿದೆ. ತಪಸ್ಸನ್ನು ಬಲವಂತದಿಂದ ಮಾಡಿಸಲಾಗದು. ತಟ್ಟೆಯನ್ನು ಕಸಿದುಕೊಂಡು ಹಸಿದವನಿಗೆ ಉಪವಾಸದ ಪುಣ್ಯವನ್ನು ಯಾರು ಬರೆಯುತ್ತಾರೆ?

ಆದುದರಿಂದ ಕಾಯಿದೆಯನ್ನು ಬೇಡುವ ಮೊದಲು ನಮ್ಮ ಮನೆಯ ಲೆಕ್ಕವನ್ನು ತೆರೆಯೋಣ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ವಿದ್ಯಾರ್ಥಿಯಿಂದ ಎರಡು ವರ್ಷಗಳಲ್ಲಿ ಕೇಳುವುದು 240 ಗಂಟೆ ಮಾತ್ರ. ಮುಂಬಯಿ, ಪುಣೆ, ಚೆನ್ನೈಗಳ ನಮ್ಮ ಎಷ್ಟು ಮನೆಗಳ ಮಕ್ಕಳು ಅದನ್ನು ಪೂರೈಸಿದ್ದಾರೆ? ಬಸದಿಯ ಫಲಕದಲ್ಲಿ ದಾನಿಗಳ ಹೆಸರು ಕೆತ್ತಿಸುವ ನಾವು, ಮುಂದಿನ ಪರ್ವದ ಸಭೆಯಲ್ಲಿ ಆ ಮಕ್ಕಳ ಹೆಸರನ್ನೂ ಅವರು ದುಡಿದ ಗಂಟೆಗಳನ್ನೂ ಓದಿಸೋಣ. ಪಟ್ಟಿ ಚಿಕ್ಕದಿದ್ದರೆ, ಅದನ್ನೂ ಎಲ್ಲರೂ ಕೇಳಲಿ.